ಟೇಪು ಕೊಟ್ಟವನು

ಸಾಹೇಬರ ಜೀಪಿನಲ್ಲಿ ಎಲ್ಲ ಇತ್ತು, ಟೇಪು ಇರಲಿಲ್ಲ.
ಅದಕ್ಕೇ ನನ್ನನ್ನು ಎಬ್ಬಿಸಿದರು:
ಎದುರು ಅಂಗಡಿ ಟೇಲರ್, ಸ್ನಾನಕ್ಕೂ ಕೊರಳ ಟೇಪು ತೆಗೆಯದವನು,
ವಿಠಲರಾವ್ ಜಿಂಗಾಡೆ, ವಯಸ್ಸು ಐವತ್ತೆಂಟು,
ಪಂಚ ನಂಬರ್ ಎರಡು.

ಬೆಳಗಿನ ಐದೂವರೆ.
ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿನಲ್ಲಿ
ಆ ಹೊತ್ತಿಗೆ ಹೊಟ್ಟಿನ ಹೊಗೆ ಏಳಬೇಕು,
ಕಾದ ಮರಳಲ್ಲಿ ಅಕ್ಕಿ ಚಟಪಟ ಅರಳಬೇಕು.
ಅವತ್ತು ಒಂದು ಒಲೆಯೂ ಹೊತ್ತಿರಲಿಲ್ಲ.
ಚಮನ್‌ಸಾಬ್ ಒಲೆಕಟ್ಟೆ ಮೇಲೆ ಕೂತು
ತನ್ನ ಬಲಗೈ ನೋಡಿಕೊಳ್ಳುತ್ತಿದ್ದ,
ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ.

"ಹಿಡೀರಿ ರಾಯರೇ" ಅಂದರು. ಹಿಡಿದೆ.
ಒಂದು ತುದಿ ನನ್ನದು, ಇನ್ನೊಂದು ಪೇದೆಯದು.
ನನ್ನ ಟೇಪು ಅರವತ್ತೇ ಇಂಚು.
ಎತ್ತಿ ಎತ್ತಿ ಇಡಬೇಕಾಯಿತು.

ಒಲೆಯ ಬುಡದಲ್ಲಿ ಚೂರಿ.
ಚಮನ್‌ಸಾಬನ ಮುಂಗೈ ಸೀಳಿದ್ದು ಅಲ್ಲೇ,
ಮರಳು ತಿರುವುವ ಕಬ್ಬಿಣದ ಹುಟ್ಟು
ಮೊದಲ ಸಲ ಬೀಸಿದ್ದೂ ಅಲ್ಲೇ.
"ಇಲ್ಲೀತನಕ ಕಾನೂನು ನಿನ್ನ ಪಕ್ಕಕ್ಕೇ ನಿಂತಿದೆ ಚಮನ್"
ಅಂತ ಆಮೇಲೆ ವಕೀಲರು ಹೇಳಿದರು, ಹೆಗಲು ಮುಟ್ಟಿ.

ಎರಡು ಟೇಪು, ಹತ್ತು ಇಂಚು. ಹೊಸ್ತಿಲು.
ಗಲ್ಲಾಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು, ಚಿಲ್ಲರೆ ಚೆಲ್ಲಾಪಿಲ್ಲಿ.
ಎರಡನೇ ಏಟು ಇಲ್ಲಿ, ಬೆನ್ನಿಗೆ.
ಮಾಲು ಅವನ ಕೈಯಲ್ಲಿದ್ದಾಗ ಹೊಡೆದದ್ದು.
ಇದನ್ನೂ ವಾದಿಸಬಹುದು.

ಅಲ್ಲಿಂದ ಚರಂಡಿಗೆ ಮೂರು ಟೇಪು.
ಹದಿನೈದು ಅಡಿ. ಒಂದು ಸೀರೆಗೂ ಸಾಲದ ಉದ್ದ.
ಅಲ್ಲಿ ಚೂರಿ ಇರಲಿಲ್ಲ, ಪೆಟ್ಟಿಗೆ ಇರಲಿಲ್ಲ,
ಓಡುವವನ ಬೆನ್ನು ಮಾತ್ರ ಇತ್ತು.
ಮೂರನೇ ಏಟು. ತಲೆಗೆ.

ಕೋರ್ಟು ಮೂರು ವರ್ಷ ನಡೆದದ್ದು
ಆ ಹದಿನೈದು ಅಡಿಯೊಳಗೇ.

"ನಿಮ್ಮದು ಹಳೇ ಟೇಪು. ಜಗ್ಗಿದರೆ ಹಿಗ್ಗುತ್ತಲ್ಲ?"
"ಹಿಗ್ಗುತ್ತೆ ಸ್ವಾಮಿ. ಇಪ್ಪತ್ತು ವರ್ಷದ್ದು,
ಕಾಲಿಂಚು ಸುಳ್ಳು ಹೇಳುತ್ತೆ."
ಎಲ್ಲರೂ ನಕ್ಕರು, ಜಡ್ಜ್ ಸಾಹೇಬರೂ.

ಸರ್ಕಾರಿ ವಕೀಲರು ಚಮನ್‌ಸಾಬನನ್ನು ಕೇಳಿದರು:
ಓಡಿಹೋಗುವವನಿಂದ ನಿನಗೆಂಥ ಭಯ?
ಅವನು ತುಂಬ ಹೊತ್ತು ಸುಮ್ಮನಿದ್ದ,
ಟೈಪಿಸ್ಟ್ ಬೆರಳು ಎತ್ತಿ ಹಿಡಿದು ಕಾದಳು.
"ಅವ ಓಡ್ತಾನಂತ ಭಯಕ್ಕೆ ಗೊತ್ತಾಗ್ಲಿಲ್ರಿ.
ಕಾಲು ಹೊರಗ ಬಂದಿದ್ವು,
ಕೈ ಇನ್ನೂ ಒಲಿ ಹತ್ರಾನೇ ಇತ್ತು."

ಅದನ್ನು ಹಾಗೇ ಬರೆದುಕೊಂಡರೋ, ತಿದ್ದಿ ಬರೆದರೋ
ನನಗೆ ತಿಳಿಯದು.

ನನ್ನನ್ನು ಯಾರೂ ಕೇಳದ್ದು ಒಂದಿದೆ.
ಚರಂಡಿ ಪಕ್ಕ ಬೋರಲು ಬಿದ್ದವನ ಪ್ಯಾಂಟು
ನಾನು ಹೊಲಿದದ್ದು.
ಹೆಸರು ಮರೆಯುತ್ತೇನೆ, ಅಳತೆ ಮರೆಯುವುದಿಲ್ಲ:
ಸೊಂಟ ಇಪ್ಪತ್ತೆಂಟು, ಉದ್ದ ಮೂವತ್ತೊಂಬತ್ತು.
"ಇನ್ನೂ ಬೆಳೀತೀನಿ ಅಂಕಲ್, ಒಳಗೆ ಬಟ್ಟೆ ಬಿಡಿ" ಅಂದಿದ್ದ.
ಬಿಟ್ಟಿದ್ದೆ, ಎರಡು ಇಂಚು.
ಆ ಬೆಳಿಗ್ಗೆ ಟೇಪಿನ ತುದಿ ಹಿಡಿದು ಬಗ್ಗಿದಾಗ
ಮಡಚಿದ ಅಂಚು ಇನ್ನೂ ಬಿಚ್ಚಿರಲಿಲ್ಲ.

ತೀರ್ಪು ಬಂತು. ಕೊಲೆಯಲ್ಲ, ಅಂದರು.
ಹಾಗಂತ ಬಿಡುವಂಥದ್ದೂ ಅಲ್ಲ.
ಹಕ್ಕು ಇತ್ತು, ಹಕ್ಕು ಹೊಸ್ತಿಲಲ್ಲೇ ನಿಂತಿತು,
ಮನುಷ್ಯ ಮಾತ್ರ ಮುಂದೆ ಹೋದ. ಐದು ವರ್ಷ.
ಓಣಿಯಲ್ಲಿ ಅರ್ಧ ಜನ "ಜಾಸ್ತಿಯಾಯ್ತು" ಅಂದರು,
ಅರ್ಧ ಜನ "ಕಮ್ಮಿಯಾಯ್ತು".
ನಾನು ಗುಂಡಿ ಹಚ್ಚುತ್ತಾ ಕೂತಿದ್ದೆ.

ಈಗ ಆ ಚರಂಡಿಗೆ ಸ್ಲ್ಯಾಬು ಮುಚ್ಚಿದ್ದಾರೆ,
ಮಕ್ಕಳು ಅದರ ಮೇಲೆ ಕುಂಟೆಬಿಲ್ಲೆ ಆಡುತ್ತವೆ.
ಮೊನ್ನೆ ಚಮನ್‌ಸಾಬನ ಹೆಂಡತಿ ಖೈರುನ್ನೀಸಾ ಬಂದಳು,
ಹೊಗೆಯ ವಾಸನೆಯ ಹಳೇ ಶರ್ಟು ಹಿಡಿದು.
"ಪೆರೋಲ್ ಸಿಕ್ಕಿದೆ. ಭಾಳ ಇಳಿದಾರ.
ಎರಡೂ ಕಡೆ ಹಿಡೀರಿ."
"ಎಷ್ಟು?" ಅಂದೆ.
ಅವಳು ಎರಡು ಬೆರಳು ಅಗಲಿಸಿ ತೋರಿಸಿದಳು, ಮತ್ತೆ ಕಿರಿದು ಮಾಡಿದಳು,
ಮತ್ತೆ ಅಗಲಿಸಿದಳು.

ಟೇಪು ಮುಟ್ಟಲಿಲ್ಲ.
ಕಣ್ಣಳತೆಯಲ್ಲೇ ಹೊಲಿದೆ.